ಆವಿಯಾಗುವ ಮರಳು

ಸೂರತ್ ಬಿಟ್ಟು ಮುಂಬೈ ಕಡೆಗೆ ಹೊರಟ ರೈಲಿಗೆ ಮೊದಲು ಎದುರಾಗುವ ನಿಲ್ದಾಣ ಉಧ್ನಾ. ಜಳಗಾಂವಕ್ಕೆ ಹೋಗುವ ಹಳಿ ಇಲ್ಲಿಂದಲೇ ಪೂರ್ವಕ್ಕೆ ಕವಲೊಡೆಯುತ್ತದೆ. ಸುತ್ತಲೂ ಪವರ್‌ಲೂಮುಗಳು, ಪಕ್ಕದ ಪಾಂಡೇಸರಾದಲ್ಲಿ ಬಟ್ಟೆಗೆ ಬಣ್ಣ ಹಾಕುವ, ಪ್ರಿಂಟ್ ಮಾಡುವ ಮಿಲ್ಲುಗಳು, ಇನ್ನೂ ದಕ್ಷಿಣಕ್ಕೆ ಸಚಿನ್ ಕೈಗಾರಿಕಾ ವಸಾಹತು. ನಮ್ಮ ಸಂತೆಗಳಲ್ಲಿ ಸಿಗುವ ಅಗ್ಗದ ಪಾಲಿಯೆಸ್ಟರ್ ಸೀರೆಗಳಲ್ಲಿ ಎಷ್ಟೋ ಹುಟ್ಟುವುದು ಈ ಸೀಮೆಯಲ್ಲೇ.

ಈ ಮಿಲ್ಲುಗಳ ಒಳಗೆ ಸ್ಟೆಂಟರ್ ಎಂಬ ಉದ್ದನೆಯ ಯಂತ್ರವಿರುತ್ತದೆ. ಒದ್ದೆ ಬಟ್ಟೆಯ ಎರಡೂ ಅಂಚುಗಳನ್ನು ಕಚ್ಚಿ ಹಿಡಿದು, ಅಗಲಕ್ಕೆ ಎಳೆದು, ಬಿಸಿಗಾಳಿಯ ಕೋಣೆಗಳ ಸಾಲಿನೊಳಗೆ ಅದು ಸಾಗಿಸುತ್ತದೆ. ನೂಲಿಗೆ ಮೊದಲೇ ಸವರಿದ ಎಣ್ಣೆ ಆ ಕಾವಿಗೆ ಆವಿಯಾಗಿ, ಹೊಗೆಕೊಳವೆಯಲ್ಲಿ ತಣಿದು, ಎಳೆಗಳ ಧೂಳಿನ ಜೊತೆ ಸೇರಿ ಕಪ್ಪು ಅಂಟಾಗಿ ಕೂರುತ್ತದೆ. ತೆಗೆಯದೆ ಬಿಟ್ಟರೆ ಒಂದು ದಿನ ಅದಕ್ಕೇ ಬೆಂಕಿ ಹತ್ತಬಹುದು. ತೆಗೆಯುವುದು ಹೇಗೆ? ಯಂತ್ರ ತಣಿಸಿ, ಬಿಚ್ಚಿ, ಕಾಸ್ಟಿಕ್ ಸೋಡಾ ಹಾಕಿ, ಉಳಿ-ಬ್ರಷ್ಷುಗಳಿಂದ ಕೆರೆಯುವುದು ಹಳೆಯ ದಾರಿ. ಅದಕ್ಕೆ ಬೇಕಾದ ಬಿಡುವು ಸಿಗುವುದು ದೀಪಾವಳಿಯಲ್ಲಿ. ಒಡಿಶಾದ ಗಂಜಾಂನಿಂದ, ಉತ್ತರ ಪ್ರದೇಶ, ಬಿಹಾರಗಳಿಂದ ಬಂದ ಕೆಲಸಗಾರರು ಊರಿಗೆ ಹೊರಟಾಗ ಇಡೀ ಸೂರತ್ತಿನ ಮಗ್ಗಗಳು ಕೆಲವು ವಾರ ಸುಮ್ಮನಾಗುತ್ತವೆ.

ಡ್ರೈ ಐಸ್ ಬ್ಲಾಸ್ಟಿಂಗ್ ಮಾರುವವರು ಬಾಗಿಲು ತಟ್ಟುವುದು ಇಂಥ ಕಡೆಗೇ. ಯಂತ್ರ ಬಿಚ್ಚುವುದು ಬೇಡ, ನೀರು ಬೇಡ, ಸೋಡಾ ಬೇಡ, ಕೆಲಸ ಮುಗಿದ ಮೇಲೆ ಗುಡಿಸುವುದೂ ಬೇಡ ಎನ್ನುತ್ತಾರೆ. ಈ ಕೊನೆಯ ಮಾತಿಗೆ ನೂರೈವತ್ತು ವರ್ಷದ ಹಿನ್ನೆಲೆಯಿದೆ, ಮತ್ತು ಅದರ ಒಂದು ಭಾಗ ಗುಜರಾತಿನದೇ.

ಫಿಲಡೆಲ್ಫಿಯಾದ ಬೆಂಜಮಿನ್ ಟಿಲ್ಗ್‌ಮನ್ 1870ರಲ್ಲಿ ಮರಳನ್ನು ರಭಸದಿಂದ ಚಿಮ್ಮಿಸಿ ಗಾಜು, ಕಲ್ಲು, ಲೋಹಗಳನ್ನು ಕೊರೆಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಮರುಭೂಮಿಯ ಗಾಳಿಗೆ ಮಸುಕಾದ ಕಿಟಕಿ ಗಾಜುಗಳನ್ನು ಕಂಡು ಅವನಿಗೆ ಇದು ಹೊಳೆಯಿತೆಂದು ಕಥೆ. ತುಕ್ಕು, ಬಣ್ಣ, ಎರಕದ ಮೇಲಿನ ಮರಳು, ಎಲ್ಲವನ್ನೂ ನಿಮಿಷಗಳಲ್ಲಿ ಕಿತ್ತೊಗೆಯುವ ಈ ಸ್ಯಾಂಡ್‌ಬ್ಲಾಸ್ಟಿಂಗ್ ಜಗತ್ತಿನ ಕಾರ್ಖಾನೆಗಳನ್ನೆಲ್ಲ ಹೊಕ್ಕಿತು. ಆದರೆ ಮರಳು ಒಡೆದಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಇಳಿದರೆ ಮತ್ತೆ ಹೊರಬರುವುದಿಲ್ಲ. ಅಲ್ಲಿ ಕಲೆಗಟ್ಟಿ, ಉಸಿರನ್ನು ಸ್ವಲ್ಪಸ್ವಲ್ಪವಾಗಿ ಕಟ್ಟುತ್ತದೆ. ಸಿಲಿಕೋಸಿಸ್‌ಗೆ ಇವತ್ತಿಗೂ ಮದ್ದಿಲ್ಲ. ಬ್ರಿಟನ್ ಎರಕದ ವಸ್ತುಗಳಿಗೆ ಮರಳು ಹೊಡೆಯುವುದನ್ನು 1949ರ ನಿಯಮಗಳಿಂದ ನಿಲ್ಲಿಸಿತು. ಜೀನ್ಸ್ ಪ್ಯಾಂಟನ್ನು ಹಳತಾದಂತೆ ತೋರಿಸಲು ಮರಳು ಹೊಡೆದು ಎಳೆಯ ಹುಡುಗರು ಸಾಯತೊಡಗಿದ ಮೇಲೆ, 2009ರಲ್ಲಿ ತುರ್ಕಿ ಅದನ್ನು ನಿಷೇಧಿಸಿತು.

ಕನ್ನಡಿಗರಿಗೆ ಈ ರೋಗ ಕೋಲಾರದಿಂದ ಪರಿಚಿತ. ಭಾರತದಲ್ಲಿ ಸಿಲಿಕೋಸಿಸ್‌ನ ಮೊದಲ ದೊಡ್ಡ ವರದಿ 1947ರಲ್ಲಿ ಹೊರಬಂದದ್ದು ಅಲ್ಲಿನ ಚಿನ್ನದ ಗಣಿಗಳಿಂದಲೇ. ಪರೀಕ್ಷಿಸಿದ 7,653 ಕಾರ್ಮಿಕರಲ್ಲಿ ಶೇ. 43.7 ಮಂದಿಗೆ ರೋಗವಿತ್ತೆಂದು ವೈದ್ಯಕೀಯ ಪಠ್ಯಗಳು ಇನ್ನೂ ಹೇಳುತ್ತವೆ. ಗುಜರಾತಿನ ಲೆಕ್ಕ ಬೇರೆ. ಖಂಭಾತಿನಲ್ಲಿ ಅಗೇಟ್ ಕಲ್ಲನ್ನು ಉಜ್ಜಿ ಮಣಿ ಮಾಡುವವರು ಮನೆಯ ಜಗಲಿಯಲ್ಲೇ ಈ ಧೂಳು ಕುಡಿದರು. 1966ರಲ್ಲಿ ಶುರುವಾದ ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆ ಅವರನ್ನು ಅಧ್ಯಯನ ಮಾಡಿದೆ. ವಡೋದರೆಯ ಈಶಾನ್ಯಕ್ಕಿರುವ ಗೋಧ್ರಾ ಕಡೆಯ ಕ್ವಾರ್ಟ್ಜ್ ಪುಡಿ ಮಾಡುವ ಘಟಕಗಳಿಗೆ ಮಧ್ಯಪ್ರದೇಶದ ಅಲಿರಾಜಪುರ, ಝಾಬುವಾಗಳಿಂದ ಕೂಲಿಗೆ ಬಂದ ಆದಿವಾಸಿಗಳು ಕೆಲವೇ ತಿಂಗಳ ಕೆಲಸದಲ್ಲಿ ರೋಗ ಹೊತ್ತು ಊರಿಗೆ ಮರಳಿದರು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2010ರಲ್ಲಿ ಪರಿಹಾರಕ್ಕೆ ಶಿಫಾರಸು ಮಾಡಿತು. 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ 238 ಮೃತರ ಕುಟುಂಬಗಳಿಗೆ ತಲಾ 3 ಲಕ್ಷ ರೂಪಾಯಿ ಎಂದಾಯಿತು. ಧೂಳೆಬ್ಬಿಸದ ಮರಳೊಂದು ಇದ್ದಿದ್ದರೆ ಎಂಬ ಆಸೆಯನ್ನು ಬರಿಯ ಮಾರಾಟದ ಮಾತೆಂದು ತಳ್ಳಿಹಾಕುವ ಮೊದಲು ಈ ಸಂಖ್ಯೆಯನ್ನು ನೆನೆಯಬೇಕು.

ಅಂಥ ಮರಳಿನ ಕಚ್ಚಾವಸ್ತು ಟಿಲ್ಗ್‌ಮನ್‌ಗಿಂತ ಹಳೆಯದು. ಪ್ಯಾರಿಸ್ಸಿನಲ್ಲಿ ಅಂಚೆ ಇಲಾಖೆಯ ನೌಕರನಾಗಿದ್ದ ಥಿಲೋರಿಯೆ, ಒತ್ತಡದಲ್ಲಿ ದ್ರವವಾಗಿಸಿದ ಕಾರ್ಬನ್ ಡೈಆಕ್ಸೈಡನ್ನು ಥಟ್ಟನೆ ಹೊರಬಿಟ್ಟಾಗ ಬಿಳಿ ಹಿಮವಾಗಿ ಬೀಳುವುದನ್ನು 1835ರಲ್ಲಿ ಪ್ರಕಟಿಸಿದ. ಮೈನಸ್ 78.5 ಡಿಗ್ರಿ ಸೆಲ್ಸಿಯಸ್‌ನ ಈ ಹಿಮ ಕರಗಿ ನೀರಾಗುವುದಿಲ್ಲ, ನೇರ ಅನಿಲವಾಗುತ್ತದೆ. 1840ರ ಕೊನೆಯಲ್ಲಿ ಅದೇ ಊರಿನ ಔಷಧಶಾಸ್ತ್ರ ಶಾಲೆಯಲ್ಲಿ ಥಿಲೋರಿಯೆಯ ಎರಕದ ಕಬ್ಬಿಣದ ಉಪಕರಣ ಸಿಡಿಯಿತು. ಸತ್ತವನು ಪ್ರಾಧ್ಯಾಪಕನಲ್ಲ, ಪ್ರಯೋಗಕ್ಕೆ ಸಿದ್ಧತೆ ಮಾಡುವ ಸಹಾಯಕ ಹೆರ್ವಿ. ಯಂತ್ರದ ಪಕ್ಕ ನಿಲ್ಲುವವನು ಯಾರು ಎಂಬ ಪ್ರಶ್ನೆ ಈ ವಸ್ತುವಿನ ಬೆನ್ನಿಗೆ ಅಂದೇ ಹತ್ತಿಕೊಂಡಿತು.

‘ಡ್ರೈ ಐಸ್’ ಎಂಬ ಮಾತು 1925ರಲ್ಲಿ ಅಮೆರಿಕದ ಒಂದು ಕಂಪನಿಯ ಟ್ರೇಡ್‌ಮಾರ್ಕ್ ಆಗಿತ್ತು. ಐಸ್‌ಕ್ರೀಮ್ ಸಾಗಿಸುವ ಪೆಟ್ಟಿಗೆಗಳಿಂದ ಅದು ಎಷ್ಟು ಬೇಗ ಬಾಯಿಗೆ ಬಿತ್ತೆಂದರೆ ಮಾಲೀಕರಿಲ್ಲದ ಪದವಾಗಿ ಹೋಯಿತು. ಗುಜರಾತಿಯಲ್ಲಿ ಅದು ‘ಸೂಕೊ ಬರಫ್’, ಕನ್ನಡದಲ್ಲಿ ‘ಒಣ ಮಂಜುಗಡ್ಡೆ’. ಎರಡೂ ಒಳ್ಳೆಯ ಅನುವಾದಗಳೇ. ಆದರೆ ಮದುವೆ ಹಾಲ್‌ನಲ್ಲಿ ವಧೂವರರ ಕಾಲ ಬಳಿ ಮೋಡ ಎಬ್ಬಿಸುವವನೂ ಹೇಳುವುದು ಡ್ರೈ ಐಸ್ ಎಂದೇ.

ಇದನ್ನು ಮರಳಿನಂತೆ ಹೊಡೆಯುವ ಯೋಚನೆ ಸಲೀಸಾಗಿ ಬಂದದ್ದಲ್ಲ. ಅಮೆರಿಕದ ನೌಕಾಪಡೆ 1945ರಲ್ಲಿ ಜಿಡ್ಡು ತೆಗೆಯಲು ಪ್ರಯತ್ನಿಸಿತ್ತೆನ್ನುತ್ತಾರೆ. 1963ರಲ್ಲಿ ರೆಜಿನಾಲ್ಡ್ ಲಿಂಡಾಲ್ ಪಡೆದ ಪೇಟೆಂಟ್ ಮೂಳೆಯಿಂದ ಮಾಂಸ ಬಿಡಿಸುವುದಕ್ಕೆ! 1972ರಲ್ಲಿ ಎಡ್ವಿನ್ ರೈಸ್, 1977ರಲ್ಲಿ ಕ್ಯಾಲ್ವಿನ್ ಫಾಂಗ್ ಇನ್ನೆರಡು ಪೇಟೆಂಟ್ ಪಡೆದರು. ಫಾಂಗ್‌ನದು ವಿಮಾನ ತಯಾರಿಸುವ ಲಾಕ್‌ಹೀಡ್ ಕಂಪನಿಯ ಹೆಸರಿಗೆ. ಮಾರುಕಟ್ಟೆಗೆ ಯಂತ್ರ ಬಂದದ್ದು ಒಹಾಯೋದ ಕೋಲ್ಡ್ ಜೆಟ್ ಕಂಪನಿಯಿಂದ, 1986ರಲ್ಲಿ. ಮರುವರ್ಷವೇ ಮಾಂಟ್ರಿಯಲ್ ಒಪ್ಪಂದ. ಓಜೋನ್ ಪದರವನ್ನು ತಿನ್ನುವ ಶುಚಿದ್ರವಗಳು ಒಂದೊಂದಾಗಿ ಕೈಬಿಟ್ಟುಹೋಗುವುದು ಖಚಿತವಾದಾಗ, ವಿಚಿತ್ರವೆನಿಸುತ್ತಿದ್ದ ಯಂತ್ರಕ್ಕೂ ಗಿರಾಕಿಗಳು ಸಿಕ್ಕರು.

ಕೆಲಸ ನಡೆಯುವ ಬಗೆ ಸರಳ. ಆ ಹಿಮವನ್ನು ಶಾವಿಗೆ ಒರಳಿನಂತೆ ತೂತಿನ ತಟ್ಟೆಯ ಮೂಲಕ ಒತ್ತಿ ಅಕ್ಕಿಕಾಳಿನಂಥ ತುಂಡುಗಳನ್ನು ಮಾಡುತ್ತಾರೆ. ಕಂಪ್ರೆಸರ್‌ನ ಗಾಳಿ ಅವನ್ನು ಕೊಳವೆಯಿಂದ ಚಿಮ್ಮಿಸುತ್ತದೆ. ಕಾಳು ಬಡಿದ ಪೆಟ್ಟು ಒಂದು, ಥಟ್ಟನೆ ಚಳಿಗೆ ಸಿಕ್ಕ ಕೊಳೆ ಬಿರಿಯುವುದು ಇನ್ನೊಂದು, ಬಿರುಕಿಗೆ ನುಗ್ಗಿದ ಮಂಜು ಸುಮಾರು 800 ಪಟ್ಟು ಉಬ್ಬಿ ಅನಿಲವಾಗುತ್ತ ಕೊಳೆಯನ್ನು ಒಳಗಿಂದ ಎಬ್ಬಿಸುವುದು ಮತ್ತೊಂದು. ಹೊಡೆದದ್ದು ಗಾಳಿ ಸೇರುತ್ತದೆ, ಕಿತ್ತುಬಂದ ಕೊಳೆ ಮಾತ್ರ ನೆಲಕ್ಕೆ ಬೀಳುತ್ತದೆ. ಆದ್ದರಿಂದ ಗುಡಿಸುವುದೇ ಬೇಡ ಎಂಬುದು ಪೂರ್ತಿ ನಿಜವಲ್ಲ. ಸ್ಟೆಂಟರಿನ ಅಂಟು ಎಲ್ಲಿಗೂ ಮಾಯವಾಗುವುದಿಲ್ಲ. ಬಣ್ಣದಲ್ಲಿ ಸೀಸವಿದ್ದರೆ ಆ ಸೀಸವೂ ಧೂಳಾಗಿ ಏಳುತ್ತದೆ.

ಈ ವಸ್ತುವನ್ನು ತಂದು ಗೋದಾಮಿನಲ್ಲಿ ಕೂಡಿಡಲಾಗದು, ದಿನದಿನಕ್ಕೆ ಸವೆಯುತ್ತದೆ. ಅನಿಲದ ಮೂಲ ಹತ್ತಿರವಿರಬೇಕು. ಈ ವಿಷಯದಲ್ಲಿ ದಕ್ಷಿಣ ಗುಜರಾತ್ ಪುಣ್ಯವಂತ. ನೈಸರ್ಗಿಕ ಅನಿಲದಿಂದ ಅಮೋನಿಯಾ ಮಾಡುವಾಗ ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತದೆ, ಬಹುಪಾಲು ಯೂರಿಯಾಕ್ಕೆ ಹೋಗುತ್ತದೆ. ಮಿಕ್ಕದ್ದನ್ನು ಶುದ್ಧಗೊಳಿಸಿ ಮಾರುವುದು ಎಲ್ಲ ದೇಶಗಳಲ್ಲೂ ಇರುವ ವ್ಯಾಪಾರ. ಸೂರತ್ ಬಳಿಯ ಹಜೀರಾದಲ್ಲಿ ಕ್ರಿಭ್ಕೋ, ವಡೋದರೆಯಲ್ಲಿ ಜಿ.ಎಸ್.ಎಫ್.ಸಿ., ಭರೂಚಿನಲ್ಲಿ ಜಿ.ಎನ್.ಎಫ್.ಸಿ. ಗೊಬ್ಬರ ಕಾರ್ಖಾನೆಗಳಿವೆ.

ಹಳೆಯ ಕಟ್ಟಡಗಳ ಮಾತು ಸ್ವಲ್ಪ ಬೇರೆ. ಈ ವಿಧಾನದ ದಾಯಾದಿಯೊಂದು ಹೆಸರು ಮಾಡಿದ್ದು ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿಯ ಒಳಗೆ. 1984ರಿಂದ 86ರವರೆಗೆ ನಡೆದ ದುರಸ್ತಿಯಲ್ಲಿ ತಾಮ್ರದ ಒಳಮೈಗೆ ಬಳಿದ ಬಣ್ಣದ ಪದರಗಳನ್ನು ದ್ರವ ಸಾರಜನಕ ಸಿಂಪಡಿಸಿ, ಚಳಿಗೆ ಬಿರಿಸಿ, ಉದುರಿಸಿದರು. ಅಡಿಯ ಡಾಂಬರು ಅದಕ್ಕೆ ಬಗ್ಗಲಿಲ್ಲ, ಅದಕ್ಕೆ ಅಡುಗೆ ಸೋಡಾ ಹೊಡೆದರು. ಸೋಡಾ ತಗಡಿನ ಸಂದುಗಳಿಂದ ಹೊರಗೆ ಜಿನುಗಿ ಹಸಿರು ಮೈಗೆ ಕಲೆ ಹತ್ತಿಸಿತು. ಶುಚಿಮಾಡುವ ಪುಡಿಯೇ ಹೊಸ ಕೊಳೆಯಾಗುವುದೆಂದರೆ ಇದೇ. ಡ್ರೈ ಐಸ್‌ನಿಂದ ಇಂಥ ಕಲೆಯ ಭಯವಿಲ್ಲ. ಬೆಂಕಿಗೆ ಸಿಕ್ಕ ತೊಲೆಗಳ ಮಸಿ ತೆಗೆಯಲು ಅದನ್ನು ಬಳಸುತ್ತಾರೆ. ಹಾಗೆಂದು 2017ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಅಹಮದಾಬಾದಿನ ಪೋಳ್‌ಗಳಲ್ಲಿ, ಕೆತ್ತನೆಯ ಕಂಬಗಳ ಮೇಲೆ ತಲೆಮಾರುಗಳಿಂದ ಬಳಿದ ಪೇಂಟಿಗೆ ಇದನ್ನು ನೇರ ತಿರುಗಿಸುವುದು ತರವಲ್ಲ. ಒತ್ತಡ ಹೆಚ್ಚಾದರೆ ಮರದ ಮೆದು ಎಳೆಗಳು ಮೊದಲು ಕಿತ್ತುಬಂದು ಗಟ್ಟಿ ಗೆರೆಗಳು ಎದ್ದು ನಿಲ್ಲುತ್ತವೆ. ಹೋದ ಕೆತ್ತನೆಯನ್ನು ಯಾವ ಯಂತ್ರವೂ ವಾಪಸ್ ತರುವುದಿಲ್ಲ.

ಇನ್ನು ಮಿಲ್ಲಿನ ಒಳಗೆ ಕೊಳವೆ ಹಿಡಿದವನ ಪಾಡು. ಸಿಲಿಕಾ ಇಲ್ಲ, ನಿಜ. ಒಂದು ಕಿಲೋ ಡ್ರೈ ಐಸ್ ಸುಮಾರು 540 ಲೀಟರ್ ಅನಿಲವಾಗುತ್ತದೆ. ಗಂಟೆಗೆ 40 ಕಿಲೋ ಹೊಡೆಯುವ ಯಂತ್ರವನ್ನು ಎಂಟು ಮೀಟರ್ ಉದ್ದ, ಐದು ಮೀಟರ್ ಅಗಲ, ಐದು ಮೀಟರ್ ಎತ್ತರದ ಮುಚ್ಚಿದ ಕೋಣೆಯಲ್ಲಿ ಓಡಿಸಿದರೆ, ಎಂಟು ಗಂಟೆಯ ಪಾಳಿಗೆ ಸುರಕ್ಷಿತವೆಂದು ಸಾಮಾನ್ಯವಾಗಿ ಒಪ್ಪಿರುವ ಶೇ. 0.5ರ ಮಿತಿಯ ಹತ್ತು ಪಟ್ಟು ಮುಟ್ಟಲು ಅರ್ಧ ಗಂಟೆ ಸಾಕು. ಮೊದಲು ತಲೆನೋವು, ಏದುಸಿರು; ಇನ್ನೂ ಏರಿದರೆ ಪ್ರಜ್ಞೆ ತಪ್ಪುತ್ತದೆ. ಈ ಅನಿಲ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಯಂತ್ರದ ಅಡಿಯ ಗುಂಡಿಯಲ್ಲಿ, ಬಾಯ್ಲರ್‌ನ ತಳದಲ್ಲಿ ಹೋಗಿ ನಿಲ್ಲುತ್ತದೆ. ಕೊಳೆಯೂ ಹೆಚ್ಚಿರುವುದು ಅಲ್ಲೇ, ಕೆಲಸದವನು ಬಗ್ಗುವುದೂ ಅಲ್ಲೇ. ಹೊಗೆ ಎಳೆಯುವ ಫ್ಯಾನಿನ ಬಾಯಿ ಮತ್ತು ಅನಿಲ ಅಳೆಯುವ ಮೀಟರ್ ನೆಲದ ಮಟ್ಟದಲ್ಲಿರಬೇಕು. ಕಿವಿಗೆ, ಕಣ್ಣಿಗೆ ರಕ್ಷಣೆ ಬೇಕು. ಸ್ಥಾಯೀ ವಿದ್ಯುತ್ತಿನ ಕಿಡಿ ಹಾರದಂತೆ ಕೊಳವೆಗೂ ಯಂತ್ರಕ್ಕೂ ಅರ್ಥಿಂಗ್ ಬೇಕು.

ಇವುಗಳನ್ನು ಯಾರು ಕೇಳಬೇಕು ಎಂಬಲ್ಲಿ ಒಂದು ಪದ ಅಡ್ಡ ಬರುತ್ತದೆ. 1948ರ ಕಾರ್ಖಾನೆ ಕಾಯ್ದೆಯ 87ನೇ ಕಲಂ ಅಪಾಯಕಾರಿ ಕೆಲಸಗಳಿಗೆ ವಿಶೇಷ ನಿಯಮ ಮಾಡುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿತ್ತು. ಆ ನಿಯಮಗಳ ಒಂದು ಅನುಸೂಚಿ ಒತ್ತಡದ ಗಾಳಿಯಿಂದ ಮರಳು, ಲೋಹದ ಗುಂಡು ಅಥವಾ ‘ಇತರ ಸವೆಸುವ ವಸ್ತು’ ಹೊಡೆದು ಶುಚಿ ಮಾಡುವ ಕೆಲಸಕ್ಕೆ ಸಂಬಂಧಿಸಿದ್ದು. ಡ್ರೈ ಐಸ್ ಮಾರುವವರು ಎಲ್ಲಕ್ಕಿಂತ ಮೊದಲು ಹೇಳುವ ಗುಣವೆಂದರೆ ಅದು ಯಂತ್ರದ ಲೋಹವನ್ನು ಸವೆಸುವುದಿಲ್ಲ ಎಂಬುದು. ಹಾಗಾದರೆ ಅನುಸೂಚಿಯ ಮಾತು ಇದಕ್ಕೆ ತಾಗುತ್ತದೆಯೇ, ಇಲ್ಲವೇ? ಸಿಲಿಕಾ ಧೂಳನ್ನು ಮನಸ್ಸಿನಲ್ಲಿಟ್ಟು ಬರೆದವರಿಗೆ, ಹೊಡೆದದ್ದೇ ಆವಿಯಾಗಿ ಕೋಣೆ ತುಂಬುವ ದಿನ ಬರುತ್ತದೆಂದು ತೋಚಿರಲಾರದು. ದೀಪಾವಳಿಯ ಬಿಡುವಿನಲ್ಲಿ ಕೊಳವೆ ಹಿಡಿದು ಸ್ಟೆಂಟರಿನ ಅಡಿಗೆ ನುಸುಳುವವನು ಸಾಮಾನ್ಯವಾಗಿ ಮಿಲ್ಲಿನ ಹಾಜರಿ ಪುಸ್ತಕದಲ್ಲಿರುವವನೂ ಅಲ್ಲ, ಗುತ್ತಿಗೆದಾರನ ಕಡೆಯವನು.