ಉಪಾಧ್ಯಾಯರ ಮನಸ್ಸೂ ಶಾಲೆಯ ಫಲವೂ

ಉಪಾಧ್ಯಾಯನಿಗೆ ತನ್ನ ಕೆಲಸದಲ್ಲಿ ಮನಸ್ಸಿದ್ದರೆ ಶಾಲೆ ಏಳಿಗೆ ಹೊಂದುವುದೆಂಬ ಮಾತನ್ನು ನಾವೆಲ್ಲರೂ ಒಪ್ಪುತ್ತೇವೆ. ಆ ಮನಸ್ಸನ್ನು ಹಣದ ಲೆಕ್ಕದಿಂದ ಹುಟ್ಟಿಸಲಾದೀತೇ? ಚರಿತ್ರೆಯು ಇದನ್ನು ಒಮ್ಮೆ ಪರೀಕ್ಷಿಸಿ ನೋಡಿದೆ.

ಇಂಗ್ಲೆಂಡಿನಲ್ಲಿ 1846ರಿಂದ ಅರ್ಹತಾಪತ್ರ ಪಡೆದ ಉಪಾಧ್ಯಾಯರ ಸಂಬಳದ ಒಂದು ಭಾಗವನ್ನು ಸರಕಾರವೇ ಕೊಡುತ್ತಿತ್ತು. 1862ರಲ್ಲಿ ರಾಬರ್ಟ್ ಲೋ ಎಂಬ ಮಂತ್ರಿಯು ಇದನ್ನು ನಿಲ್ಲಿಸಿ, ಫಲಾನುಸಾರ ಸಹಾಯಧನದ ಪದ್ಧತಿಯನ್ನು ಜಾರಿಗೆ ತಂದನು. ಹಾಜರಿಯ ಸರಾಸರಿಯ ಮೇಲೆ ಮಗುವೊಂದಕ್ಕೆ 4 ಷಿಲಿಂಗ್. ಓದು, ಬರಹ, ಲೆಕ್ಕ ಈ ಮೂರರಲ್ಲಿಯೂ ತೇರ್ಗಡೆಯಾದರೆ ಮತ್ತೆ 8 ಷಿಲಿಂಗ್. ಒಂದರಲ್ಲಿ ತಪ್ಪಿದರೆ 2 ಷಿಲಿಂಗ್ 8 ಪೆನ್ಸ್ ಖೋತಾ. ಹಣವು ಆಡಳಿತ ಮಂಡಲಿಗೆ ಸಲ್ಲುತ್ತಿದ್ದರೂ ಅನೇಕ ಕಡೆ ಉಪಾಧ್ಯಾಯನ ಸಂಬಳವು ಅದನ್ನೇ ನೆಚ್ಚಿತ್ತು.

ಫಲವೇನಾಯಿತು? ಮಕ್ಕಳು ಓದುವ ಪುಸ್ತಕವನ್ನು ಅರ್ಥವರಿಯದೆ ಬಾಯಿಪಾಠ ಮಾಡಿದರು. ಹಣ ತಾರದ ಚರಿತ್ರೆ, ಭೂಗೋಳಗಳು ಹಿಂದೆ ಸರಿದವು. ಶಾಲಾ ಇನ್‌ಸ್ಪೆಕ್ಟರನು ಮಾರ್ಗದರ್ಶಕನಾಗುವ ಬದಲು ಲೆಕ್ಕ ತನಿಖೆಯವನಾದನು. ಉಪಾಧ್ಯಾಯವೃತ್ತಿಗೆ ತರಬೇತಿಗಾಗಿ ಬರುವ ತರುಣರ ಸಂಖ್ಯೆಯೂ ಇಳಿಯಿತು. ಕವಿಯೂ ಇನ್‌ಸ್ಪೆಕ್ಟರನೂ ಆಗಿದ್ದ ಮ್ಯಾಥ್ಯೂ ಆರ್ನಲ್ಡನು ಈ ಯಾಂತ್ರಿಕತೆಯನ್ನು ಮೊದಲಿನಿಂದಲೂ ಖಂಡಿಸಿದನು. 1870ರಲ್ಲಿ ಹುಟ್ಟಿದ ಉಪಾಧ್ಯಾಯರ ರಾಷ್ಟ್ರೀಯ ಸಂಘವೂ ಇದರ ವಿರುದ್ಧ ಹೋರಾಡಿತು. 1890ರ ದಶಕದಲ್ಲಿ ಪದ್ಧತಿಯು ಅಲ್ಲಿ ಕೊನೆಗೊಂಡಿತು.

ಇದು ದೂರದೇಶದ ಕಥೆಯೆಂದು ನಾವು ಉಪೇಕ್ಷಿಸುವಂತಿಲ್ಲ. ಇದೇ ಪದ್ಧತಿಯು 1860ರ ದಶಕದಲ್ಲಿ ಮದರಾಸು ಪ್ರಾಂತಕ್ಕೂ ಬಂದಿತು. ಕಾಸರಗೋಡು, ಆದವಾನಿ, ರಾಯದುರ್ಗಗಳು ಆಗ ಆ ಪ್ರಾಂತಕ್ಕೇ ಸೇರಿದ್ದವು. ಜಗಲಿಯ ಮೇಲೆ ಪಾಠ ಹೇಳುತ್ತಿದ್ದ ಊರ ಗುರುಗಳೂ ಸಹಾಯಧನ ಬೇಕಾದರೆ ಪರೀಕ್ಷೆಯ ಲೆಕ್ಕಕ್ಕೆ ಒಳಪಡಬೇಕಾಯಿತು. 1882ರ ಹಂಟರ್ ಆಯೋಗವು ಅನುದಾನಿತ ಪ್ರಾಥಮಿಕ ಶಾಲೆಗಳಿಗೆ ಇದನ್ನು ಶಿಫಾರಸು ಮಾಡಿತು. 1904ರಲ್ಲಿ ಕರ್ಜನನ ಸರಕಾರದ ಶಿಕ್ಷಣ ನಿರ್ಣಯವು ಇದನ್ನು ತೊರೆಯುವ ನೀತಿಯನ್ನು ಸಾರಿತು.

ಸಂಬಳ ಮುಖ್ಯವಲ್ಲವೆಂದು ನಾವು ಹೇಳುತ್ತಿಲ್ಲ. ಹಸಿದ ಉಪಾಧ್ಯಾಯನಿಂದ ಉತ್ಸಾಹವನ್ನು ಬೇಡುವುದು ಅನ್ಯಾಯ. ಆದರೆ ಎಣಿಕೆಗೆ ಸಿಕ್ಕುವಷ್ಟನ್ನೇ ಕೇಳಿದರೆ ಉಪಾಧ್ಯಾಯನು ಅಷ್ಟನ್ನೇ ಕೊಡುತ್ತಾನೆ. ಗಡಿಯ ಕನ್ನಡ ಶಾಲೆಗಳಲ್ಲಿ ಇಂದಿಗೂ ಹುದ್ದೆಗಳ ಉಳಿವು ಮಕ್ಕಳ ತಲೆಯೆಣಿಕೆಯನ್ನು ಅವಲಂಬಿಸುವುದುಂಟು. ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರುವ, ಮಗುವಿಗೆ ತಾಯ್ನುಡಿಯ ರುಚಿ ಹತ್ತಿಸುವ ಉಪಾಧ್ಯಾಯರ ಶ್ರಮವು ಯಾವ ಪಟ್ಟಿಯಲ್ಲಿಯೂ ಕಾಣಿಸದು. ಕನ್ನಡ ಬಲ್ಲ ಉಪಾಧ್ಯಾಯರ ನೇಮಕ, ಸಕಾಲದಲ್ಲಿ ಕನ್ನಡ ಪಠ್ಯಪುಸ್ತಕ, ಶಾಲೆಯ ವಿಚಾರದಲ್ಲಿ ಅವರ ಮಾತಿಗೆ ಬೆಲೆ: ಇವನ್ನು ಸರಕಾರದಿಂದ ಕೇಳಿ ಪಡೆಯುವುದು ನಮ್ಮ ಸಂಘಗಳ ಕೆಲಸ. ನಮ್ಮ ಮಕ್ಕಳನ್ನು ಅವರ ಬಳಿಗೆ ಕಳುಹಿಸುವುದು ನಮ್ಮ ಪ್ರತಿಯೊಂದು ಮನೆಯ ಕೆಲಸ.