ಅಡಿಕೆಯ ಮದ್ದು ಹುಟ್ಟಿದ್ದು ದ್ರಾಕ್ಷಿ ತೋಟದಲ್ಲಿ

ಮೇ ತಿಂಗಳ ಕೊನೆಯ ವಾರ ಪುಂಜಾಲಕಟ್ಟೆ ಪೇಟೆಯಲ್ಲಿ ಯಾರನ್ನು ಮಾತಾಡಿಸಿದರೂ ಪ್ರಶ್ನೆ ಎರಡೇ. ಮಳೆ ಯಾವಾಗ ಹಿಡಿಯುತ್ತದೆ? ಮದ್ದು ಬಿಡಲಿಕ್ಕೆ ಜನ ಸಿಕ್ಕಿದರಾ? ವಗ್ಗದಿಂದ ಮಡಂತ್ಯಾರಿನವರೆಗೆ ಅಡಿಕೆ ತೋಟ ಇರುವ ಮನೆಗಳಲ್ಲಿ ಆ ಹೊತ್ತಿಗೆ ಮೈಲುತುತ್ತು, ಸುಣ್ಣ ಬಂದು ಕೂತಿರುತ್ತದೆ. ಅಂಗಳದ ಡ್ರಮ್ಮಿನಲ್ಲಿ ಆಕಾಶದ ಬಣ್ಣದ ನೀರು. ಮದ್ದು ಬಿಡುವವರ ಅಂಗಿ, ಲುಂಗಿ, ಉಗುರು ಎಲ್ಲ ನೀಲಿ.

ಆ ನೀರಿಗೆ ನಾವು ಬೋರ್ಡೋ ಅನ್ನುತ್ತೇವೆ. ಅಜ್ಜನ ಕಾಲದಿಂದ ಕೇಳಿದ ಹೆಸರು, ಹಾಗಾಗಿ ಏನೆಂದು ಯಾರೂ ಕೇಳುವುದಿಲ್ಲ. ಅದು ಕಂಪೆನಿಯ ಹೆಸರಲ್ಲ, ಕಂಡುಹಿಡಿದವರ ಹೆಸರೂ ಅಲ್ಲ. ಫ್ರಾನ್ಸ್ ದೇಶದ ನೈಋತ್ಯದಲ್ಲಿರುವ ಒಂದು ಬಂದರು ಪಟ್ಟಣದ ಹೆಸರು. ಆ ಊರಿನಲ್ಲಿ ಅಡಿಕೆ ಇಲ್ಲ. ಸುತ್ತಮುತ್ತ ಇರುವುದೆಲ್ಲ ದ್ರಾಕ್ಷಿ ತೋಟ, ಮತ್ತು ಅದರ ರಸದಿಂದ ವೈನ್ ಮಾಡುವ ಮನೆಗಳು. ನಮ್ಮ ಅಡಿಕೆಯನ್ನು ಕಾಯುವ ಮದ್ದು ಆ ತೋಟಗಳಲ್ಲಿ ಹುಟ್ಟಿ ಇಲ್ಲಿಗೆ ಬಂದ ಕಥೆ ಇದು.

ಎಲೆ ಉಳಿದರೆ ವೈನ್

ಬೋರ್ಡೋ ಕಡೆಯ ದ್ರಾಕ್ಷಿ ಕುಟುಂಬದ ವರ್ಷ ಚಳಿಗಾಲದಲ್ಲಿ ಶುರುವಾಗುತ್ತದೆ. ಎಲೆ ಉದುರಿ ಬರೀ ಕಡ್ಡಿಯಾದ ಬಳ್ಳಿಯನ್ನು ಆಗ ಸವರುತ್ತಾರೆ. ಏಪ್ರಿಲ್ ಹೊತ್ತಿಗೆ ಚಿಗುರು, ಜೂನ್ ಹೊತ್ತಿಗೆ ಹೂ, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಕೊಯ್ಲು. ಕೊಯ್ದ ಹಣ್ಣನ್ನು ಹಿಂಡಿ, ಹುಳಿ ಬರಿಸಿ, ರಸವನ್ನು ಮರದ ಪೀಪಾಯಿಯಲ್ಲಿ ಇಡುತ್ತಾರೆ. ಪೀಪಾಯಿ ಕೋಣೆಯಲ್ಲಿ ವೈನ್ ಮಾಗುತ್ತಿರುವಾಗ ಹೊರಗೆ ಮುಂದಿನ ವರ್ಷದ ಸವರುವಿಕೆ ಶುರು. ಹನ್ನೆರಡು ತಿಂಗಳ ದುಡಿಮೆಗೆ ಒಂದೇ ಕೊಯ್ಲು.

ವೈನ್ ಆಗಬೇಕಾದರೆ ಹಣ್ಣಿನಲ್ಲಿ ಸಕ್ಕರೆ ಬೇಕು. ಸಕ್ಕರೆ ತಯಾರಾಗುವುದು ಎಲೆಯಲ್ಲಿ. ಬೇಸಿಗೆಯಲ್ಲೇ ಎಲೆ ಉದುರಿಹೋದರೆ ಹಣ್ಣು ಹುಳಿಯಾಗಿಯೇ ಉಳಿಯುತ್ತದೆ. ಅದರಿಂದ ಒಳ್ಳೆಯ ವೈನ್ ಆಗುವುದಿಲ್ಲ.

1860ರ ದಶಕದಲ್ಲಿ ಈ ತೋಟಗಳಿಗೆ ದೊಡ್ಡ ಪೆಟ್ಟು ಬಿತ್ತು. ಅಮೆರಿಕದಿಂದ ತಂದ ಬಳ್ಳಿಗಳ ಜೊತೆ ಬಂದ ಫಿಲಾಕ್ಸೆರಾ ಎಂಬ ಸಣ್ಣ ಹೇನು ಫ್ರಾನ್ಸಿನ ಬಳ್ಳಿಗಳ ಬೇರನ್ನೇ ತಿಂದುಹಾಕಿತು. ಎಷ್ಟೋ ಸಣ್ಣ ಕುಟುಂಬಗಳು ತೋಟ ಬಿಟ್ಟು ಹೋದವು. ಉಳಿದವರಿಗೆ ದಾರಿ ತೋರಿದ್ದೂ ಅಮೆರಿಕದ ಬಳ್ಳಿಯೇ. ಅದರ ಬೇರಿಗೆ ಆ ಹೇನನ್ನು ತಾಳುವ ಶಕ್ತಿ ಇತ್ತು. ಅದರ ಮೇಲೆ ತಮ್ಮ ತಳಿಯನ್ನು ಕಸಿ ಕಟ್ಟಿದರು.

ಆದರೆ ಹಾಗೆ ತರಿಸಿದ ಬಳ್ಳಿಗಳ ಜೊತೆ ಇನ್ನೊಂದು ರೋಗ ಬಂತು. 1878ರಲ್ಲಿ ಅದು ಫ್ರಾನ್ಸಿನಲ್ಲಿ ಕಾಣಿಸಿಕೊಂಡಿತು. ಎಲೆಯ ಅಡಿಯಲ್ಲಿ ಬಿಳಿ ಬೂಜು, ಆಮೇಲೆ ಎಲೆ ಒಣಗಿ ಉದುರುವುದು. ಕನ್ನಡದಲ್ಲಿ ಬೂಜುತುಪ್ಪಟ ರೋಗ ಎನ್ನುತ್ತಾರೆ. ಮಳೆ ಬಂದ ವರ್ಷ ತೋಟಕ್ಕೆ ತೋಟವೇ ಬೋಳಾಗುತ್ತಿತ್ತು.

ಕಳ್ಳರಿಗೆ ಬಳಿದದ್ದು

1882ರ ಅಕ್ಟೋಬರ್. ಬೋರ್ಡೋ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ಪ್ರಾಧ್ಯಾಪಕ ಮಿಲಾರ್ಡೆ ಅವರು ಸೇಂಟ್ ಜೂಲಿಯನ್ ಎಂಬ ಹಳ್ಳಿಯ ದಾರಿಯಲ್ಲಿ ಹೋಗುತ್ತಿದ್ದರು. ತೋಟದ ಒಳಗಿನ ಬಳ್ಳಿಗಳೆಲ್ಲ ಬೋಳಾಗಿದ್ದವು. ರಸ್ತೆ ಬದಿಯ ಸಾಲಿನಲ್ಲಿ ಮಾತ್ರ ಎಲೆ ಹಾಗೇ ಇತ್ತು. ಹತ್ತಿರ ಹೋಗಿ ನೋಡಿದರೆ ಎಲೆಯ ಮೇಲೆ ನೀಲಿ ಬಣ್ಣದ ಪುಡಿ ಅಂಟಿತ್ತು.

ತೋಟ ನೋಡಿಕೊಳ್ಳುವ ಎರ್ನೆಸ್ಟ್ ಡೇವಿಡ್ ಅವರನ್ನು ಕೇಳಿದರು. ಅವರು ಹೇಳಿದ ಕಾರಣ ನಮ್ಮ ಯಾವ ಕೃಷಿಕನಿಗೂ ಅರ್ಥವಾಗುವಂಥದ್ದು. ದಾರಿಹೋಕರು ಹಣ್ಣು ಕಿತ್ತು ತಿನ್ನುತ್ತಿದ್ದರು. ವಿಷ ಹಾಕಿದಂತೆ ಕಾಣಲಿ ಎಂದು ರಸ್ತೆ ಬದಿಯ ಸಾಲಿಗೆ ಮೈಲುತುತ್ತು, ಸುಣ್ಣ ಕಲಸಿ ಚಿಮುಕಿಸುವುದು ಆ ಕಡೆಯ ವಾಡಿಕೆ. ರೋಗದ ವಿಚಾರ ಯಾರ ತಲೆಯಲ್ಲೂ ಇರಲಿಲ್ಲ. ನಾವು ಹಣ್ಣಿನ ಮರಕ್ಕೆ 'ಮದ್ದು ಬಿಟ್ಟಿದೆ' ಎಂದು ಬೋರ್ಡ್ ನೇತು ಹಾಕುವ ಹಾಗೆಯೇ ಇದು.

ಮಿಲಾರ್ಡೆ ಅವರು ರಸಾಯನಶಾಸ್ತ್ರಜ್ಞ ಗಾಯೋನ್ ಅವರನ್ನು ಜೊತೆ ಸೇರಿಸಿಕೊಂಡು ಪ್ರಯೋಗ ಮಾಡಿ 1885ರಲ್ಲಿ ಫಲಿತಾಂಶ ಪ್ರಕಟಿಸಿದರು. ಆಗಿನ ಲೆಕ್ಕ ಹೀಗಿತ್ತು: 100 ಲೀಟರ್ ನೀರಿಗೆ 8 ಕಿಲೋ ಮೈಲುತುತ್ತು, ಇನ್ನೊಂದು ಕಡೆ 30 ಲೀಟರ್ ನೀರಿಗೆ 15 ಕಿಲೋ ಸುಣ್ಣ. ಎರಡನ್ನೂ ಸೇರಿಸಿ ಸಣ್ಣ ಪೊರಕೆಯಿಂದ ಎಲೆಗೆ ಚಿಮುಕಿಸುವುದು. ಇಂದು ನಾವು ಬಳಸುವ ಶೇ. 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ ತುತ್ತು 1 ಕಿಲೋ, ಸುಣ್ಣ 1 ಕಿಲೋ ಸಾಕು.

ಕೊಳೆಗೂ ಅದೇ ಯಾಕೆ?

ದ್ರಾಕ್ಷಿಯ ಬೂಜುರೋಗ ಮತ್ತು ಅಡಿಕೆಯ ಕೊಳೆರೋಗ ಒಂದೇ ವಂಶದವು. ಕೊಳೆ ತರುವ ರೋಗಾಣುವಿನ ಹೆಸರು ಫೈಟಾಫ್ತೊರಾ. ಈ ವಂಶದ ರೋಗಾಣುಗಳ ಬೀಜಕಣಗಳು ನೀರಿನಲ್ಲಿ ಈಜುತ್ತವೆ. ಕಾಯಿಯ ಮೇಲೆ ನಿಂತ ಒಂದು ತೆಳು ನೀರಿನ ಪದರ ಇದ್ದರೆ ಸಾಕು. ಆ ನೀರಿನಲ್ಲಿ ಸ್ವಲ್ಪ ತಾಮ್ರ ಇದ್ದರೆ ಬೀಜಕಣ ಒಳಗೆ ನುಗ್ಗುವ ಮೊದಲೇ ಸಾಯುತ್ತದೆ. ಒಳಗೆ ಹೋದ ಮೇಲೆ ತಾಮ್ರದಿಂದ ಪ್ರಯೋಜನ ಇಲ್ಲ. ಮಳೆ ಹಿಡಿಯುವ ಮೊದಲು ಒಂದು ಸಲ, 40-45 ದಿನ ಕಳೆದು ಇನ್ನೊಂದು ಸಲ ಬಿಡಬೇಕು ಎನ್ನುವುದು ಇದಕ್ಕೇ. ಕಾಯಿ ಉದುರಲು ಶುರುವಾದ ಮೇಲೆ ಬಿಟ್ಟ ಮದ್ದು ಉಳಿದ ಕಾಯಿಗಷ್ಟೇ ಕಾವಲು.

ಬೋರ್ಡೋ ಬರುವ ಮೊದಲು ಮಲೆನಾಡಿನವರು ಕೊನೆಗೆ ಕೊಟ್ಟೆ ಕಟ್ಟುತ್ತಿದ್ದರು. ಮಳೆ ನೀರು ತಾಗದಂತೆ ಗೊನೆಗೆ ಹಾಕುವ ಕೊಡೆಯ ಹಾಗೆ ಅದು. ಒಂದೊಂದು ಮರ ಹತ್ತಿ ಒಂದೊಂದು ಗೊನೆಗೆ ಕಟ್ಟುವ ಕೆಲಸ.

1908ರಲ್ಲಿ ಮೈಸೂರು ಸರಕಾರ ಕೆನಡಾದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿಯನ್ನು ಕೆಲಸಕ್ಕೆ ಕರೆಸಿಕೊಂಡಿತು. ಅವರು ಮಲೆನಾಡಿನ ತೋಟಗಳಲ್ಲಿ ಕೊಳೆರೋಗದ ಅಧ್ಯಯನ ಮಾಡಿ 1910ರಲ್ಲಿ ಒಂದು ಪುಸ್ತಿಕೆ ಹೊರತಂದರು. ಕಾರಣವಾದ ರೋಗಾಣುವನ್ನು ಗುರುತಿಸಿ, ದ್ರಾಕ್ಷಿಯ ಮದ್ದನ್ನು ಅಡಿಕೆ ಗೊನೆಗೆ ಹೊಡೆಸಿದರು. ಮಳೆಗೆ ತೊಳೆದುಹೋಗದಂತೆ ರಾಳ ಬೆರೆಸುವ ಕ್ರಮವೂ ಬಂತು. ಪುಸ್ತಿಕೆಯ ಇಂಗ್ಲಿಷ್ ಹೆಸರಿನಲ್ಲೂ ಅವರು ರೋಗಕ್ಕೆ ನಮ್ಮ ರೈತರ ಮಾತನ್ನೇ ಇಟ್ಟರು: ಕೊಳೆರೋಗ. ಮುಂದೆ ಕೋಲ್ಮನ್ ಮೈಸೂರಿನ ಕೃಷಿ ನಿರ್ದೇಶಕರಾದರು.

ದ್ರಾಕ್ಷಿ ಬಳ್ಳಿ ಆಳೆತ್ತರ. ಅಡಿಕೆ ಮರ ಆಕಾಶದೆತ್ತರ. ಫ್ರಾನ್ಸಿನಲ್ಲಿ ಪೊರಕೆ ಹಿಡಿದು ಮಾಡಿದ ಕೆಲಸಕ್ಕೆ ಇಲ್ಲಿ ಮರ ಹತ್ತಬೇಕಾಯಿತು. ಕೆಳಗೆ ಪಂಪು ಒತ್ತುವವರು, ಮೇಲೆ ನಳಿಗೆ ಹಿಡಿದು ಒಂದು ಮರದಿಂದ ಇನ್ನೊಂದಕ್ಕೆ ದಾಟುವವರು. ಬೋರ್ಡೋ ಕರಾವಳಿಯಲ್ಲಿ ನಿಂತದ್ದು ವಿಜ್ಞಾನಿಯ ಪುಸ್ತಿಕೆಯಿಂದ ಮಾತ್ರ ಅಲ್ಲ, ಈ ಮರ ಹತ್ತುವವರ ಮೈಕಸುವಿನಿಂದ. ಇಂದು ಅವರು ಸಿಗುವುದೇ ಕಷ್ಟ. ಹಾಗಾಗಿ ನೆಲದಲ್ಲೇ ನಿಂತು ಮದ್ದು ಬಿಡುವ ಫೈಬರ್ ದೋಟಿಗಳು ತೋಟಕ್ಕೆ ಬರುತ್ತಿವೆ.

ನಮ್ಮ ಜಿಲ್ಲೆ ಆಗ ಮದ್ರಾಸ್ ಆಡಳಿತದಲ್ಲಿತ್ತು. 1956ರಲ್ಲಿ ಬಂಟ್ವಾಳ ತಾಲೂಕಿನ ವಿಟ್ಲದಲ್ಲಿ ಅಡಿಕೆ ಸಂಶೋಧನಾ ಕೇಂದ್ರ ಆರಂಭವಾಯಿತು. ಈಗ ಅದು ಸಿಪಿಸಿಆರ್‌ಐಯ ಪ್ರಾದೇಶಿಕ ಕೇಂದ್ರ. ಕೊಳೆರೋಗಕ್ಕೆ ಇಂದಿಗೂ ಶೇ. 1ರ ಬೋರ್ಡೋವೇ ಮುಖ್ಯ ಮದ್ದು.

ಬಳ್ಳಿ ಘಟ್ಟ ಇಳಿಯಲಿಲ್ಲ

ಮದ್ದು ಬಂತು, ದ್ರಾಕ್ಷಿ ಬರಲಿಲ್ಲ. ನಮ್ಮಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಕರ್ನಾಟಕದ ದೊಡ್ಡ ದ್ರಾಕ್ಷಿ ಸೀಮೆಯಾದ ವಿಜಯಪುರದಲ್ಲಿ 600ರ ಆಸುಪಾಸು. ಅಲ್ಲಿ ಎಲೆ ಉದುರಿಸುವ ಚಳಿಗಾಲ ಇಲ್ಲ, ಹಾಗಾಗಿ ರೈತರೇ ಕತ್ತರಿ ಹಿಡಿದು ಕಾಲ ತಿರುಗಿಸುತ್ತಾರೆ. ಏಪ್ರಿಲ್ ಚಾಟ್ನಿ ಕಡ್ಡಿ ಬಲಿಯಲು, ಅಕ್ಟೋಬರ್ ಚಾಟ್ನಿ ಹಣ್ಣಿಗೆ. ಫೆಬ್ರವರಿ-ಮಾರ್ಚ್‌ನಲ್ಲಿ ಕೊಯ್ಲು. ಅಕ್ಟೋಬರಿನ ಚಾಟ್ನಿ ಆದ ಮೇಲೆ ಅಕಾಲ ಮಳೆ ಬಂದರೆ ಅವರಿಗೂ ನಿದ್ದೆ ಇಲ್ಲ. ಅವರು 'ಡೌನಿ' ಅನ್ನುವುದು 1878ರ ಅದೇ ರೋಗಕ್ಕೆ.

ನಂದಿ ಬೆಟ್ಟದ ಸುತ್ತ ಬೆಂಗಳೂರು ನೀಲಿ ದ್ರಾಕ್ಷಿ ಇದೆ. ಅದಕ್ಕೆ 2013ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಗ್ರೋವರ್ ಕುಟುಂಬ 1988ರಲ್ಲಿ ದೊಡ್ಡಬಳ್ಳಾಪುರದ ಬಳಿ ಫ್ರಾನ್ಸಿನ ವೈನ್ ತಳಿಗಳ ತೋಟ ಶುರು ಮಾಡಿತು. 2007ರಲ್ಲಿ ರಾಜ್ಯ ಸರಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು. ಹೀಗೆ ಬೋರ್ಡೋದ ಬಳ್ಳಿ ಮತ್ತು ಬೋರ್ಡೋದ ಮದ್ದು ಎರಡೂ ಕರ್ನಾಟಕದಲ್ಲಿವೆ, ಒಂದು ಘಟ್ಟದ ಮೇಲೆ, ಇನ್ನೊಂದು ಮೇಲೂ ಕೆಳಗೂ.

ಮಣ್ಣಿನ ಲೆಕ್ಕ

ಆ ದ್ರಾಕ್ಷಿ ತೋಟಗಳಿಂದ ನಾವು ಮದ್ದು ತಂದೆವು. ಅವರ ಅನುಭವದ ಇನ್ನರ್ಧ ತರಲಿಲ್ಲ.

ಎಲೆಯಿಂದ, ಕಾಯಿಯಿಂದ ತೊಳೆದುಹೋದ ತಾಮ್ರ ಮಣ್ಣಿಗೆ ಬೀಳುತ್ತದೆ. ಅದು ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ. ಮೇಲ್ಮಣ್ಣಿಗೆ ಅಂಟಿ ಕೂರುತ್ತದೆ. ಬೋರ್ಡೋ ಸುತ್ತಲಿನ ಹಳೆಯ ತೋಟಗಳ ಮಣ್ಣಿನಲ್ಲಿ ನೂರು ವರ್ಷಕ್ಕೂ ಹೆಚ್ಚಿನ ತಾಮ್ರ ಜಮೆಯಾಗಿದೆ. ಅತಿಯಾದರೆ ಎರೆಹುಳಕ್ಕೂ ಮಣ್ಣಿನ ಸೂಕ್ಷ್ಮಜೀವಿಗಳಿಗೂ ಕೇಡು. ಅದಕ್ಕೇ ಯುರೋಪಿನಲ್ಲಿ 2019ರಿಂದ ಮಿತಿ ಇದೆ: ಒಂದು ಹೆಕ್ಟೇರಿಗೆ 7 ವರ್ಷದಲ್ಲಿ 28 ಕಿಲೋ ತಾಮ್ರ, ಅಂದರೆ ಸರಾಸರಿ ವರ್ಷಕ್ಕೆ 4 ಕಿಲೋ.

ನಮ್ಮ ಲೆಕ್ಕ ನಾವೇ ಹಾಕೋಣ. ಮೈಲುತುತ್ತಿನಲ್ಲಿ ಕಾಲು ಭಾಗ ತಾಮ್ರ. ಒಂದು ಎಕರೆಗೆ ಒಂದು ಸಲಕ್ಕೆ 200 ಲೀಟರಿನ 4 ಡ್ರಮ್ ಹೋಯಿತು ಎಂದಿಟ್ಟುಕೊಳ್ಳಿ. ತುತ್ತು 8 ಕಿಲೋ, ತಾಮ್ರ 2 ಕಿಲೋ. ಎರಡು ಸಲಕ್ಕೆ 4 ಕಿಲೋ. ಹೆಕ್ಟೇರಿಗೆ ಸುಮಾರು 10 ಕಿಲೋ ಆಯಿತು, ಯುರೋಪಿನ ಸರಾಸರಿಯ ಎರಡೂವರೆ ಪಟ್ಟು. ನಿಮ್ಮ ಡ್ರಮ್ ಹೆಚ್ಚೋ ಕಡಿಮೆಯೋ, ಗುಣಿಸಿ ನೋಡಿ.

ಇದರರ್ಥ ಮದ್ದು ಬಿಡುವುದು ನಿಲ್ಲಿಸಿ ಎಂದಲ್ಲ. ಬಿಡದಿದ್ದರೆ ಆಷಾಢದಲ್ಲಿ ತೋಟದ ನೆಲ ಹಸಿರು ಕಾಯಿಯಿಂದ ತುಂಬುತ್ತದೆ, ಅದು ಎಲ್ಲರಿಗೂ ಗೊತ್ತು. ಆದರೆ ಮೂರನೆಯ ಸಲ ಬಿಡುವ ಮೊದಲು ನಿಜವಾಗಿ ಬೇಕೇ ಎಂದು ನೋಡಬಹುದು. 'ಇರಲಿ ಒಂದು ಹಿಡಿ' ಎಂದು ತುತ್ತು ಹೆಚ್ಚು ಹಾಕುವುದನ್ನು ಬಿಡಬಹುದು. ಸುಣ್ಣದ ನೀರಿಗೆ ತುತ್ತಿನ ನೀರು ಹೊಯ್ಯಬೇಕು, ತಿರುಗಿಸಬಾರದು. ಹೊಳೆಯುವ ಕಬ್ಬಿಣದ ಚೂರಿ ಅದ್ದಿದಾಗ ಕೆಂಪು ಹಿಡಿದರೆ ಸುಣ್ಣ ಸಾಲದು ಎಂದರ್ಥ. ಕಲಸಿದ ಮದ್ದನ್ನು ಅದೇ ದಿನ ಮುಗಿಸಬೇಕು. ಸರಿಯಾಗಿ ಕಲಸಿದ ಎರಡು ಸಲ, ತಪ್ಪಾಗಿ ಕಲಸಿದ ಮೂರು ಸಲಕ್ಕಿಂತ ಮೇಲು.

ಸರಕಾರ 2015ರಿಂದ ಕೊಡುತ್ತಿರುವ ಮಣ್ಣು ಆರೋಗ್ಯ ಚೀಟಿ ನಿಮ್ಮ ಮನೆಯ ಕಪಾಟಿನಲ್ಲೂ ಇರಬಹುದು. ನಾವು ನೋಡುವುದು ಸಾರಜನಕ, ರಂಜಕ, ಪೊಟ್ಯಾಶ್ ಮಾತ್ರ. ಅದೇ ಚೀಟಿಯಲ್ಲಿ ಕೆಳಗೆ ತಾಮ್ರ ಎಂಬ ಒಂದು ಸಾಲಿದೆ. ಈ ಸಲ ತುತ್ತು ತರಲು ಪೇಟೆಗೆ ಹೊರಡುವ ಮೊದಲು ಆ ಸಾಲನ್ನೊಮ್ಮೆ ಓದಿ. ಚೀಟಿ ಇಲ್ಲದಿದ್ದರೆ ಮಣ್ಣು ಕೊಟ್ಟು ಪರೀಕ್ಷೆ ಮಾಡಿಸಿ. ತೋಟ ಇನ್ನೊಂದು ತಲೆಮಾರಿಗೆ ಹೋಗಬೇಕಲ್ಲ.