ಕಡಲಿನ ಅಲೆಗೂ ತೆಂಗಿನ ಸೀಮೆಗೂ ಏನು ಸಂಬಂಧ?

ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆಗಳ ಬಯಲಿನಲ್ಲಿ ನಿಂತು ಸಮುದ್ರದ ಮಾತನಾಡುವುದು ನಿಮಗೆ ಅಸಂಗತವೆನಿಸಬಹುದು. ಇಲ್ಲಿಂದ ಪಡುವಣ ಕಡಲನ್ನು ಕಾಣಬೇಕಾದರೆ ಘಟ್ಟವನ್ನೇ ಇಳಿಯಬೇಕು. ಆದರೂ ನಮ್ಮ ತೋಟಗಳನ್ನು ತುಂಬಿರುವ ತೆಂಗು ಮೂಲತಃ ಕಡಲತೀರದ ಮರ. ನಾರಿನ ಹೊದಿಕೆಯ ಅದರ ಕಾಯಿ ಅಲೆಗಳ ಮೇಲೆ ತೇಲಿ, ದೂರದ ದಡವನ್ನು ಸೇರಿ ಮೊಳೆಯಬಲ್ಲದು. ಹೀಗೆ ಕಾಯಿಯನ್ನು ಹೊತ್ತೊಯ್ಯುವ ಅಲೆಗಳಿಂದ ವಿದ್ಯುತ್ತನ್ನು ಪಡೆಯಬೇಕೆಂಬ ಹಂಬಲ ಮನುಷ್ಯನಿಗೆ ಎರಡು ಶತಮಾನಗಳಿಂದಲೂ ಇದೆ. ಭಾರತವೂ ಅದಕ್ಕಾಗಿ ಸಾರ್ವಜನಿಕ ಹಣವನ್ನು ವ್ಯಯಿಸಿದೆ. ಆ ಹಣದಲ್ಲಿ ಕೊಬ್ಬರಿ ಮಾರುವವರ ಪಾಲೂ ಇದೆ, ಕೊಳ್ಳುವವರ ಪಾಲೂ ಇದೆ. ಇನ್ನೂ ಫಲ ಕಾಣದ ವಿದ್ಯೆಯೊಂದಕ್ಕೆ ನಾವೆಲ್ಲ ಸೇರಿ ಆಸರೆ ನೀಡುವುದು ಸರಿಯೇ? ಸರಿಯಾದರೆ ಎಲ್ಲಿಯವರೆಗೆ? ಈ ಪ್ರಶ್ನೆಗೆ ಉತ್ತರವನ್ನು ಊಹೆಯಲ್ಲಿ ಹುಡುಕುವುದಕ್ಕಿಂತ ಇತಿಹಾಸದಲ್ಲಿ ಹುಡುಕುವುದು ಲೇಸು.

ಮೊದಲು ನಮ್ಮ ಮನೆಯ ಕಥೆಯನ್ನೇ ನೋಡೋಣ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೈಸೂರು ಸಂಸ್ಥಾನದ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅವರ ಮುಂದೆ ಒಂದು ವಿಚಿತ್ರ ಯೋಜನೆ ಬಂದಿತು. ಶಿವನಸಮುದ್ರದಲ್ಲಿ ಧುಮುಕುವ ಕಾವೇರಿಯಿಂದ ವಿದ್ಯುತ್ತನ್ನು ಉತ್ಪಾದಿಸಿ, ಅದನ್ನು ತಂತಿಯ ಮೂಲಕ ಕೋಲಾರದ ಚಿನ್ನದ ಗಣಿಗಳಿಗೆ ಸಾಗಿಸಬೇಕು ಎಂಬುದು ಅದರ ಸಾರಾಂಶ. ದೂರ ಸುಮಾರು 147 ಕಿಲೋಮೀಟರು. ಅಮೆರಿಕದ ನಯಾಗರ ಜಲಪಾತದ ವಿದ್ಯುತ್ತು ಬಫೆಲೊ ನಗರವನ್ನು ತಲುಪಿದ್ದೇ 1896ರಲ್ಲಿ. ಅಲ್ಲಿನ ದೂರ ಇದರ ಮೂರನೆಯ ಒಂದು ಭಾಗದಷ್ಟೂ ಇರಲಿಲ್ಲ. ಇಂತಹ ಹೊಸ ವಿದ್ಯೆಗೆ ಸಂಸ್ಥಾನದ ಬೊಕ್ಕಸವನ್ನು ತೆರೆಯುವುದು ಸಾಹಸವೇ ಆಗಿತ್ತು. ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯೆರ್ ಅವರನ್ನು ವಿದೇಶಗಳಿಗೆ ಕಳುಹಿಸಿ ಅಲ್ಲಿನ ಕೇಂದ್ರಗಳನ್ನು ಅಧ್ಯಯನ ಮಾಡಿಸಲಾಯಿತು. ಗಣಿ ಕಂಪನಿಗಳೊಡನೆ ವಿದ್ಯುತ್ ಖರೀದಿಯ ಕರಾರು ಆಯಿತು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಯಂತ್ರಗಳು ಹಡಗಿನಲ್ಲಿ ಬಂದವು. 1902ರ ಜೂನ್ 30ರಂದು ಕೋಲಾರದ ಗಣಿಗಳಿಗೆ ವಿದ್ಯುತ್ತು ಹರಿಯಿತು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿದೀಪಗಳು ಬೆಳಗಿದವು.

ಈ ಕಥೆಯಲ್ಲಿ ನಾವು ಸಾಮಾನ್ಯವಾಗಿ ಮರೆಯುವ ಮೂರು ಸಂಗತಿಗಳಿವೆ. ಮೊದಲನೆಯದು, ಶೇಷಾದ್ರಿ ಅಯ್ಯರ್ ಅವರು ಆ ಬೆಳಕನ್ನು ಕಾಣಲಿಲ್ಲ. 1901ರ ಸೆಪ್ಟೆಂಬರಿನಲ್ಲಿಯೇ ಅವರು ತೀರಿಕೊಂಡರು. ಎರಡನೆಯದು, ಸಂಸ್ಥಾನದ ಬೊಕ್ಕಸಕ್ಕೆ ಕಂದಾಯ ಕಟ್ಟಿದವರಲ್ಲಿ ತುಮಕೂರು ಸೀಮೆಯ ರೈತರೂ ಇದ್ದರು. ಆದರೆ ಮೊದಲ ವಿದ್ಯುತ್ತು ಸಂದದ್ದು ಗಣಿಗೆ, ಅನಂತರ ನಗರಕ್ಕೆ. ನಮ್ಮ ಹಳ್ಳಿಗಳ ಮನೆಗಳಿಗೆ ದೀಪ ಬರಲು ಮತ್ತೆ ದಶಕಗಳೇ ಹಿಡಿದವು. ಮೂರನೆಯದು, ಆರಂಭದ ಯೋಜನೆ ದೋಷರಹಿತವಾಗಿರಲಿಲ್ಲ. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಯಂತ್ರಗಳೂ ಸೊರಗುತ್ತಿದ್ದವು. ಆ ಕಾರಣಕ್ಕೆ ಯೋಜನೆಯನ್ನು ಯಾರೂ ಕೈಬಿಡಲಿಲ್ಲ. 1911ರಲ್ಲಿ ಕನ್ನಂಬಾಡಿಯ ಅಣೆಕಟ್ಟಿನ ಕೆಲಸ ಆರಂಭವಾದಾಗ, ಶಿವನಸಮುದ್ರಕ್ಕೆ ವರ್ಷವಿಡೀ ನೀರು ಒದಗಿಸುವುದೂ ಅದರ ಉದ್ದೇಶಗಳಲ್ಲೊಂದಾಗಿತ್ತು. ಒಮ್ಮೆ ಹಿಡಿದ ಕೈಯನ್ನು ಬಿಡದೆ ದೋಷವನ್ನು ತಿದ್ದುತ್ತ ಹೋದದ್ದರಿಂದಲೇ ಆ ಹೂಡಿಕೆ ನಾಡಿಗೆ ದಕ್ಕಿತು.

ಈಗ ಕಡಲಿನ ಕಡೆಗೆ ಹೊರಳೋಣ. ಅಲೆಯಿಂದ ಕೆಲಸ ತೆಗೆಯುವ ಯಂತ್ರಕ್ಕೆ ಪ್ಯಾರಿಸ್ಸಿನಲ್ಲಿ ಗಿರಾರ್ ಎಂಬ ತಂದೆ ಮಗ ಹಕ್ಕುಪತ್ರ ಪಡೆದದ್ದು 1799ರಷ್ಟು ಹಿಂದೆ. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಜಪಾನಿನ ಯೋಷಿಯೊ ಮಸುದಾ ಅವರು, ಹಡಗುಗಳಿಗೆ ದಾರಿ ತೋರಿಸುವ ತೇಲುದೀಪಗಳನ್ನು ಅಲೆಯ ಬಲದಿಂದಲೇ ಉರಿಸಿದರು. ಆದರೆ ಸರ್ಕಾರಗಳು ಈ ವಿದ್ಯೆಯತ್ತ ಗಂಭೀರವಾಗಿ ಕಣ್ಣು ಹಾಯಿಸಿದ್ದು 1973ರಲ್ಲಿ ಪೆಟ್ರೋಲಿಯಂ ತೈಲದ ಬೆಲೆ ಗಗನಕ್ಕೇರಿದಾಗ. ಮರುವರ್ಷ ಎಡಿನ್‌ಬರೊ ವಿಶ್ವವಿದ್ಯಾಲಯದ ಸ್ಟೀಫನ್ ಸಾಲ್ಟರ್ ಅವರು ಅಲೆಗಳ ಮೇಲೆ ತಲೆದೂಗುವ ಯಂತ್ರವೊಂದರ ವಿನ್ಯಾಸವನ್ನು ಪ್ರಕಟಿಸಿದರು. ಅದರ ಆಕಾರವನ್ನು ಕಂಡು ಜನ ಅದನ್ನು ಸಾಲ್ಟರನ ಬಾತುಕೋಳಿ ಎಂದೇ ಕರೆದರು. ಬ್ರಿಟಿಷ್ ಸರ್ಕಾರ ಸಂಶೋಧನೆಗೆ ಹಣ ಒದಗಿಸಿತು.

ಆದರೆ ಆ ಸರ್ಕಾರ ಸಂಶೋಧಕರ ಮುಂದಿಟ್ಟ ಗುರಿ ಏನು ಗೊತ್ತೇ? 2000 ಮೆಗಾವ್ಯಾಟ್ ಸಾಮರ್ಥ್ಯದ ಬೃಹತ್ ಕೇಂದ್ರದ ವಿನ್ಯಾಸ. ಸಣ್ಣ ಯಂತ್ರವೊಂದು ಕಡಲಿನಲ್ಲಿ ಒಂದು ಚಳಿಗಾಲವನ್ನು ಕಳೆಯುವ ಮೊದಲೇ ಅದರ ಹೆಗಲಿಗೆ ಇಡೀ ನಾಡಿನ ಹೊರೆಯನ್ನು ಏರಿಸಿದಂತಾಯಿತು. ಕಾಗದದ ಮೇಲೆ ಲೆಕ್ಕಹಾಕಿದಾಗ ವೆಚ್ಚ ದುಬಾರಿಯಾಗಿ ಕಂಡಿತು. ಅಷ್ಟರಲ್ಲಿ ತೈಲದ ಭೀತಿಯೂ ತಗ್ಗಿತ್ತು. 1982ರಲ್ಲಿ ಆ ಕಾರ್ಯಕ್ರಮದ ಬಹುಭಾಗವನ್ನು ನಿಲ್ಲಿಸಲಾಯಿತು.

ಅದೇ ಕಾಲದಲ್ಲಿ ಡೆನ್ಮಾರ್ಕ್ ಗಾಳಿಯ ವಿಷಯದಲ್ಲಿ ಬೇರೆ ಹಾದಿ ಹಿಡಿಯಿತು. ಅಲ್ಲಿ ಗಾಳಿಯಂತ್ರಗಳು ಸಣ್ಣದಾಗಿ ಹುಟ್ಟಿದವು. 1979ರಲ್ಲಿ ಸರ್ಕಾರ ಅವುಗಳ ಬೆಲೆಯ ಶೇಕಡಾ 30ರಷ್ಟನ್ನು ಸಹಾಯಧನವಾಗಿ ಕೊಡಲಾರಂಭಿಸಿತು. ರೈತರೂ ಹಳ್ಳಿಗಳ ಸಹಕಾರಿ ಗುಂಪುಗಳೂ ಅವನ್ನು ಕೊಂಡರು. ಕೆಟ್ಟಾಗ ರಿಪೇರಿಯಾಯಿತು, ರಿಪೇರಿಯಿಂದ ಕಲಿಕೆಯಾಯಿತು, ಕಲಿತಂತೆ ಯಂತ್ರ ದೊಡ್ಡದಾಯಿತು. ನೆರೆಯ ಜರ್ಮನಿ ಮಾತ್ರ ಏಕಾಏಕಿ 3 ಮೆಗಾವ್ಯಾಟ್‌ನ ದೈತ್ಯ ಗಾಳಿಯಂತ್ರವೊಂದನ್ನು 1983ರಲ್ಲಿ ನಿಲ್ಲಿಸಿತು. ಅದು ಹೆಚ್ಚು ಕಾಲ ತಿರುಗಲಾರದೆ ಕೆಲವೇ ವರ್ಷಗಳಲ್ಲಿ ಕಳಚಲ್ಪಟ್ಟಿತು. ನಮ್ಮ ನೆರೆಯ ಹೊಸದುರ್ಗ, ಚಿತ್ರದುರ್ಗಗಳ ಗುಡ್ಡಗಳ ಮೇಲೆ ಇಂದು ತಿರುಗುವ ಗಾಳಿಯಂತ್ರಗಳು ಆ ನಿಧಾನದ ಹಾದಿಯ ಸಂತಾನ.

ಭಾರತ ಅಲೆಶಕ್ತಿಯಲ್ಲಿ ಹಿಂದೆ ಬಿದ್ದಿರಲಿಲ್ಲವೆಂಬುದು ಅನೇಕರಿಗೆ ಅಚ್ಚರಿಯ ಸಂಗತಿ. ಕೇಂದ್ರ ಸರ್ಕಾರದ ಸಾಗರಾಭಿವೃದ್ಧಿ ಇಲಾಖೆಯ ನೆರವಿನಿಂದ ಮದ್ರಾಸಿನ ಐಐಟಿಯ ಎಂಜಿನಿಯರುಗಳು 1980ರ ದಶಕದಲ್ಲಿಯೇ ಈ ಅಧ್ಯಯನ ಕೈಗೊಂಡರು. ಪ್ರೊಫೆಸರ್ ವಿ. ಎಸ್. ರಾಜು, ಪ್ರೊಫೆಸರ್ ಎಂ. ರವೀಂದ್ರನ್ ಮೊದಲಾದವರು ಅದರಲ್ಲಿ ಪ್ರಮುಖರು. ಕೇರಳದ ತಿರುವನಂತಪುರದ ಬಳಿಯ ವಿಳಿಞಂ ಎಂಬ ಮೀನುಗಾರರ ಬಂದರನ್ನು ಅವರು ಆರಿಸಿಕೊಂಡರು. ಅಲ್ಲಿನ ಅಲೆತಡೆಗೋಡೆಯ ಸಮೀಪ ಸುಮಾರು 3000 ಟನ್ ತೂಕದ ಕಾಂಕ್ರೀಟ್ ಪೆಟ್ಟಿಗೆಯೊಂದನ್ನು ಕಡಲಿನ ತಳದಲ್ಲಿ ಕೂರಿಸಿದರು. 1991ರಲ್ಲಿ 150 ಕಿಲೋವ್ಯಾಟ್ ಸಾಮರ್ಥ್ಯದ ಆ ಸ್ಥಾವರ ವಿದ್ಯುತ್ತು ನೀಡಿತು.

ಅದರ ತತ್ವ ಸರಳ. ಪೆಟ್ಟಿಗೆಯ ತಳಭಾಗ ನೀರಿಗೆ ತೆರೆದಿರುತ್ತದೆ. ಅಲೆ ಒಳನುಗ್ಗಿದಾಗ ನೀರು ಮೇಲೇರಿ ಒಳಗಿನ ಗಾಳಿಯನ್ನು ಮೇಲಿನ ಕಿಂಡಿಯಿಂದ ಹೊರದೂಡುತ್ತದೆ. ಅಲೆ ಹಿಂದೆ ಸರಿದಾಗ ಗಾಳಿ ಒಳಸೇರುತ್ತದೆ. ಕಮ್ಮಾರನ ತಿದಿಯನ್ನು ನೆನೆದುಕೊಂಡರೆ ಸಾಕು. ಕಿಂಡಿಯಲ್ಲಿರುವ ಟರ್ಬೈನು ಗಾಳಿ ಯಾವ ಕಡೆಗೆ ಬೀಸಿದರೂ ಒಂದೇ ದಿಕ್ಕಿಗೆ ತಿರುಗುತ್ತದೆ. ಬೆಲ್‌ಫಾಸ್ಟಿನ ಪ್ರೊಫೆಸರ್ ಅಲನ್ ವೆಲ್ಸ್ ಅವರು ರೂಪಿಸಿದ ಈ ಟರ್ಬೈನು ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ವಿಳಿಞಂನ ಸ್ಥಾವರ ಸಂಶೋಧನೆಯ ದೃಷ್ಟಿಯಿಂದ ಜಗತ್ತಿನ ಗಮನ ಸೆಳೆಯಿತು. ಮುಂದೆ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಅದರ ಹೊಣೆ ಹೊತ್ತು, ಅಲೆಯ ಶಕ್ತಿಯಿಂದ ಕಡಲ ನೀರನ್ನು ಸಿಹಿನೀರಾಗಿಸುವ ಪ್ರಯೋಗವನ್ನೂ ನಡೆಸಿತು. ಆದರೆ ಆ ಮೊದಲ ಪೆಟ್ಟಿಗೆಯ ಪಕ್ಕದಲ್ಲಿ ಎರಡನೆಯದು ಏಳಲಿಲ್ಲ. ಮಳೆಗಾಲದ ಅಲೆಗೂ ಬೇಸಿಗೆಯ ಅಲೆಗೂ ಇರುವ ಅಂತರ, ಉಪ್ಪುನೀರಿನಿಂದ ಲೋಹಕ್ಕೆ ಹಿಡಿಯುವ ತುಕ್ಕು, ಕಲ್ಲಿದ್ದಲಿನ ವಿದ್ಯುತ್ತಿಗಿಂತ ಅತಿ ಹೆಚ್ಚಿನ ಬೆಲೆ, ಇವೆಲ್ಲ ಅಡ್ಡಬಂದವು. 2011ರ ಹೊತ್ತಿಗೆ ಸ್ಥಾವರವನ್ನು ನಿಲ್ಲಿಸಲಾಯಿತು. ಅದೇ ವರ್ಷ ಸ್ಪೇನಿನ ಮುಟ್ರಿಕು ಎಂಬ ಬಂದರಿನಲ್ಲಿ, ಹೇಗೂ ಕಟ್ಟಬೇಕಾಗಿದ್ದ ಅಲೆತಡೆಗೋಡೆಯೊಳಗೇ ಅದೇ ತತ್ವದ 16 ಟರ್ಬೈನುಗಳನ್ನು ಅಳವಡಿಸಲಾಯಿತು. ಒಟ್ಟು ಸಾಮರ್ಥ್ಯ 296 ಕಿಲೋವ್ಯಾಟ್ ಮಾತ್ರ. ಅದು ಹತ್ತು ವರ್ಷಗಳಿಗೂ ಮೀರಿ ದುಡಿಯಿತು. ನಾವು ಇಪ್ಪತ್ತು ವರ್ಷ ಮೊದಲು ಆರಂಭಿಸಿ ನಿಲ್ಲಿಸಿದ ದಾರಿಯಲ್ಲಿ ಬೇರೊಬ್ಬರು ಮುಂದೆ ನಡೆದರು.

ಹಾಗೆಂದು ಹಣ ಸುರಿದಲ್ಲೆಲ್ಲ ಫಲ ಬಂದಿದೆಯೆಂದು ತಿಳಿಯಬೇಡಿ. ಸ್ಕಾಟ್‌ಲ್ಯಾಂಡಿನ ಪೆಲಾಮಿಸ್ ಕಂಪನಿ ಹಾವಿನಂತೆ ಅಲೆಯ ಮೇಲೆ ಬಳುಕುವ ಯಂತ್ರಗಳನ್ನು ಮಾಡಿತು. 2008ರಲ್ಲಿ ಅಂತಹ ಮೂರನ್ನು ಪೋರ್ಚುಗಲ್ಲಿನ ಕಡಲಿಗೆ ಇಳಿಸಲಾಯಿತು. ಕೆಲವೇ ತಿಂಗಳಲ್ಲಿ ಅವು ದಡಕ್ಕೆ ಮರಳಿದವು. 2014ರಲ್ಲಿ ಕಂಪನಿಯೇ ದಿವಾಳಿಯಾಯಿತು. ಆಗ ಸ್ಕಾಟ್‌ಲ್ಯಾಂಡಿನ ಸರ್ಕಾರ ವಿವೇಕದ ಕೆಲಸವೊಂದನ್ನು ಮಾಡಿತು: ಅಲೆಶಕ್ತಿಗೆಂದೇ ಸಾರ್ವಜನಿಕ ಸಂಸ್ಥೆಯೊಂದನ್ನು ಸ್ಥಾಪಿಸಿ, ಆ ಕಂಪನಿ ಗಳಿಸಿದ್ದ ಜ್ಞಾನ ಚದುರಿಹೋಗದಂತೆ ಕಾಪಾಡಿತು. ಅಂಗಡಿ ಮುಚ್ಚಿದರೂ ಲೆಕ್ಕದ ಪುಸ್ತಕ ಉಳಿದರೆ ಮುಂದಿನವನು ಅದೇ ನಷ್ಟವನ್ನು ಮತ್ತೆ ಅನುಭವಿಸಬೇಕಿಲ್ಲ.

ಸಾರ್ವಜನಿಕ ಆಸರೆ ಬಹುಕಾಲ ಮುಂದುವರಿದರೆ ಏನಾಗುತ್ತದೆಂಬುದಕ್ಕೆ ಸಾಕ್ಷಿ ನಮ್ಮ ಜಿಲ್ಲೆಯಲ್ಲಿಯೇ ಇದೆ. 2010-11ರಲ್ಲಿ ಕೇಂದ್ರದ ವಿದ್ಯುತ್ ನಿಯಂತ್ರಣ ಆಯೋಗ ಸೌರಫಲಕಗಳ ವಿದ್ಯುತ್ತಿಗೆ ಯೂನಿಟ್ಟಿಗೆ 17.91 ರೂಪಾಯಿ ದರ ನಿಗದಿ ಮಾಡಿತ್ತು. ಅಂದು ಅದನ್ನು ಶ್ರೀಮಂತರ ಆಟಿಕೆಯೆಂದು ನಕ್ಕವರಿದ್ದರು. ಜರ್ಮನಿಯಂತಹ ದೇಶಗಳ ಗ್ರಾಹಕರು ವರ್ಷಗಟ್ಟಲೆ ಹೆಚ್ಚು ಬೆಲೆ ತೆತ್ತರು, ಚೀನದ ಕಾರ್ಖಾನೆಗಳು ಉತ್ಪಾದನೆಯನ್ನು ಹಿಗ್ಗಿಸಿದವು, ನಮ್ಮ ಸರ್ಕಾರಗಳು ಖರೀದಿಯ ಭರವಸೆ ನೀಡಿದವು. 2017ರಲ್ಲಿ ರಾಜಸ್ಥಾನದ ಭಡ್ಲಾದಲ್ಲಿ ದರ 2.44 ರೂಪಾಯಿಗೆ ಇಳಿಯಿತು. ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ ಹರಡಿಕೊಂಡ ಸೌರ ಉದ್ಯಾನ 2019ರ ಕೊನೆಗೆ 2050 ಮೆಗಾವ್ಯಾಟ್ ಸಾಮರ್ಥ್ಯ ತಲುಪಿತು. ಅಲ್ಲಿ ರೈತರ ಭೂಮಿಯನ್ನು ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಗುತ್ತಿಗೆ ಕೊಟ್ಟದ್ದು ಮೆಚ್ಚತಕ್ಕ ಸಂಗತಿ. ಆದರೆ ಭೂಮಿಯೇ ಇಲ್ಲದ ಕೂಲಿಕಾರನಿಗೂ ಕುರಿಗಾಹಿಗೂ ಆ ಗುತ್ತಿಗೆಯಲ್ಲಿ ಪಾಲಿರಲಿಲ್ಲವೆಂಬುದನ್ನೂ ನಾವು ಮರೆಯಬಾರದು.

ಇಷ್ಟಾಗಿಯೂ ಅಲೆಶಕ್ತಿ ಸೌರಶಕ್ತಿಯಂತೆಯೇ ಗೆಲ್ಲುತ್ತದೆಂದು ಹೇಳುವುದು ಅವಸರದ ಮಾತಾದೀತು. ನಮ್ಮ ಕಡಲು ಉಗ್ರವಾಗುವುದು ಜೂನ್‌ನಿಂದ ಸೆಪ್ಟೆಂಬರಿನವರೆಗೆ. ಆಗ ಜಲಾಶಯಗಳು ತುಂಬುತ್ತಿರುತ್ತವೆ, ಗಾಳಿಯಂತ್ರಗಳೂ ಭರದಿಂದ ತಿರುಗುತ್ತಿರುತ್ತವೆ. ನಮ್ಮ ತೋಟದ ಕೊಳವೆಬಾವಿಗೆ ವಿದ್ಯುತ್ತು ಅತಿ ಅಗತ್ಯವಾಗುವುದು ಬೇಸಿಗೆಯಲ್ಲಿ. ಆಗ ಕಡಲು ಶಾಂತವಾಗಿರುತ್ತದೆ. ಆದ್ದರಿಂದ ತಿಪಟೂರಿನ ತೋಟದ ಪಂಪನ್ನು ಅಲೆ ತಿರುಗಿಸುವ ದಿನ ಹತ್ತಿರದಲ್ಲಿಲ್ಲ. ಅದರ ಮೊದಲ ಉಪಯೋಗ ದ್ವೀಪಗಳಿಗೆ, ಕುಡಿಯುವ ನೀರಿಲ್ಲದ ಕರಾವಳಿಯ ಊರುಗಳಿಗೆ, ಬಂದರಿನ ಗೋಡೆಗಳಿಗೆ, ಕಡಲಿನ ನಡುವಣ ಮಾಪಕ ಯಂತ್ರಗಳಿಗೆ. 2022ರಲ್ಲಿ ಐಐಟಿ ಮದ್ರಾಸಿನ ತಂಡ ತೂತ್ತುಕುಡಿಯ ಕರಾವಳಿಯಿಂದ 6 ಕಿಲೋಮೀಟರು ಒಳಗೆ ಸಿಂಧುಜಾ ಎಂಬ ತೇಲುಯಂತ್ರವನ್ನು ಪರೀಕ್ಷಿಸಿತು. ಅದು ನೀಡಿದ್ದು 100 ವ್ಯಾಟ್, ಅಂದರೆ ಹಳೆಯ ಕಾಲದ ಒಂದು ಬಲ್ಬು ಉರಿಯುವಷ್ಟು. ಮೊಳಕೆಯೆಂದರೆ ಹಾಗೆಯೇ ಇರುತ್ತದೆ.

ಹಾಗಾದರೆ ಒಳನಾಡಿನ ನಾವು ಇದಕ್ಕೆ ಯಾಕೆ ಹಣ ತೆರಬೇಕು? ಉತ್ತರ ನಮ್ಮ ತೋಟದಲ್ಲಿಯೇ ಇದೆ. 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ ನಮ್ಮ ರಾಜ್ಯದಲ್ಲಿ ವಿದ್ಯುತ್ತು ಉಚಿತ. ಉಚಿತವೆಂದರೆ ಬೇರೆಯವರು ಬೆಲೆ ತೆತ್ತಿದ್ದಾರೆಂದೇ ಅರ್ಥ. ಹಾಗೆ ತೆತ್ತವರಲ್ಲಿ ತೆಂಗಿನ ತೋಟವನ್ನೇ ಕಾಣದ ನಗರದ ಕೂಲಿಯವನೂ ಇದ್ದಾನೆ, ಕರಾವಳಿಯ ಬೆಸ್ತರವನೂ ಇದ್ದಾನೆ. ಅವನ ತೀರದಲ್ಲಿ ನಡೆಯುವ ಪ್ರಯೋಗಕ್ಕೆ ನಾವು ಆಸರೆಯಾದರೆ ಅದು ಋಣ ಸಂದಾಯವೇ ಹೊರತು ದಾನವಲ್ಲ.

ಆದರೆ ಆಸರೆ ಕುರುಡಾಗಿರಬಾರದು. ಇತಿಹಾಸ ಕಲಿಸುವ ಪಾಠಗಳು ಸ್ಪಷ್ಟವಾಗಿವೆ. ಚಿಕ್ಕದಾಗಿ ಆರಂಭಿಸಬೇಕು. ಶಿವನಸಮುದ್ರಕ್ಕೆ ಚಿನ್ನದ ಗಣಿ ದೊರೆತಂತೆ ಖಚಿತವಾದ ಕೊಳ್ಳುಗರಿರಬೇಕು. 2019ರಲ್ಲಿ ಕೇಂದ್ರ ಸರ್ಕಾರ ಸಾಗರಶಕ್ತಿಯನ್ನೂ ನವೀಕರಿಸಬಹುದಾದ ಶಕ್ತಿಯೆಂದು ಅಂಗೀಕರಿಸಿದ್ದು ಆ ದಿಕ್ಕಿನ ಒಂದು ಹೆಜ್ಜೆ. ಸೋಲಿನ ವರದಿಯೂ ಗೆಲುವಿನ ವರದಿಯಷ್ಟೇ ಬಹಿರಂಗವಾಗಿ ಜನರ ಕೈಸೇರಬೇಕು. ಯಂತ್ರ ಇಳಿಯುವ ಕಡಲಿನಲ್ಲಿ ಬಲೆ ಬೀಸುವವರನ್ನು ಮೊದಲು ಕೇಳಬೇಕು, ಅವರಿಗೆ ಪಾಲು ದೊರೆಯಬೇಕು. ಪಾವಗಡದ ಭೂರಹಿತರಿಗೆ ಆದದ್ದು ಕರಾವಳಿಯಲ್ಲಿ ಮರುಕಳಿಸಬಾರದು.

ನಮ್ಮ ಸೀಮೆಯ ಎತ್ತರದ ತಳಿಯ ತೆಂಗು ಫಲ ಕೊಡಲು ಏಳೆಂಟು ವರ್ಷ ಬೇಕು. ಕಿತ್ತ ಕಾಯಿ ಅಟ್ಟದ ಮೇಲೆ ಉಂಡೆ ಕೊಬ್ಬರಿಯಾಗಲು ಮತ್ತೆ ಹಲವು ತಿಂಗಳು ಬೇಕು. ಮೂರನೆಯ ವರ್ಷ ಫಲವಿಲ್ಲವೆಂದು ಸಸಿಯನ್ನು ಕಡಿಯುವ ರೈತನಿಲ್ಲ. ಹಾಗೆಯೇ ಸುಳಿ ಕೊಳೆತ ಗಿಡಕ್ಕೆ ವರ್ಷಾನುಗಟ್ಟಲೆ ನೀರೆರೆಯುವ ರೈತನೂ ಇಲ್ಲ. ಯಾವುದು ಬೆಳೆಯುತ್ತಿದೆ, ಯಾವುದು ಸತ್ತಿದೆ ಎಂಬುದನ್ನು ಅವನು ದಿನವೂ ತೋಟಕ್ಕೆ ಹೋಗಿ ನೋಡುತ್ತಾನೆ. ಸಾರ್ವಜನಿಕ ಹಣದ ಒಡೆಯರಾದ ನಾವೂ ಅಷ್ಟೇ ತಾಳ್ಮೆಯಿಂದ, ಅಷ್ಟೇ ಎಚ್ಚರದಿಂದ ನೋಡುತ್ತಿರಬೇಕು. ವಿಳಿಞಂನ ಪೆಟ್ಟಿಗೆ ಸೋತಿತೇ ಎಂದು ನಾಳೆ ನಿಮ್ಮ ಮಕ್ಕಳು ಕೇಳಿದರೆ, ಅದು ಹತ್ತಾರು ವರ್ಷ ಪಾಠ ಹೇಳಿತು, ಕೇಳಿಸಿಕೊಳ್ಳುವ ಸರದಿ ನಮ್ಮದು ಎಂದು ಹೇಳಿರಿ.